ಮಾಥಾಡಿಯ ತಲೆ, ಪ್ಯಾಲೆಟ್ ಟ್ರಕ್ಕಿನ ಗಾಲಿ: ತುರ್ಭೆ ಮಾರುಕಟ್ಟೆಯ ಬಗೆಗಿನ ಒಂದು ತಪ್ಪು ಗ್ರಹಿಕೆ

ನವಿ ಮುಂಬಯಿಯ ತುರ್ಭೆ ಸಗಟು ಮಾರುಕಟ್ಟೆಯಲ್ಲಿ ಪ್ಯಾಲೆಟ್ ಟ್ರಕ್ (ಪ್ಯಾಲೆಟ್ ಎಂಬ ಹಲಗೆಯ ತಟ್ಟೆಯನ್ನು ಅದರ ಮೇಲಿನ ಸರಕಿನ ಸಮೇತ ಎತ್ತಿ ಎಳೆಯುವ ಕೈಯಂತ್ರ) ಏಕೆ ಬೇರೂರಲಿಲ್ಲ ಎಂದು ಕೇಳಿದರೆ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ: ಮಾಥಾಡಿಗಳು ಬಿಡಲಿಲ್ಲ. ಇದನ್ನು ನಾನು ಮೊದಲು ಕೇಳಿದ್ದು ಆಕರಗಳನ್ನು ಓದುವುದು ಹೇಗೆಂದು ನನಗೆ ಕಲಿಸಿದ ಗುರುಗಳ ಬಾಯಲ್ಲೇ. ಅವರ ವಾದ ಪದದಿಂದ ಹೊರಡುತ್ತಿತ್ತು. ಮರಾಠಿಯಲ್ಲಿ ಮಾಥಾ ಎಂದರೆ ತಲೆ, ತಲೆಯ ಮೇಲೆ ಹೊರುವವನು ಮಾಥಾಡಿ. 1969ರಲ್ಲಿ ಮಹಾರಾಷ್ಟ್ರ ಅವನ ಹೆಸರಿನಲ್ಲೇ ಕಾಯಿದೆ ಮಾಡಿತು. ತಲೆಹೊರೆಗೆ ಕಾನೂನಿನ ಕಾವಲು ಸಿಕ್ಕಮೇಲೆ ಗಾಲಿಗೆ ಜಾಗವೆಲ್ಲಿ ಎಂಬುದು ಅವರ ತೀರ್ಮಾನ. ಗುರುಗಳ ಮೇಲಿನ ಗೌರವದಿಂದ ಬಹಳ ವರ್ಷ ನಾನೂ ಅದನ್ನೇ ಹೇಳಿಕೊಂಡು ಬಂದೆ. ಈಗ ಹೇಳಲಾರೆ. ಅವರ ನಂತರ ಬರೆದವರು ಕಾಯಿದೆಯ ಅನುಸೂಚಿಯನ್ನೂ ತೆರೆದು ನೋಡದೆ, ಮಾರುಕಟ್ಟೆಯ ನೆಲವನ್ನೂ ಬಗ್ಗಿ ನೋಡದೆ ಅದೇ ಮಾತನ್ನು ದಾಟಿಸುತ್ತಿರುವುದು ನನಗೆ ಸಹನೆಯಾಗುತ್ತಿಲ್ಲ.

ಮೊದಲು ಕಾಯಿದೆ. 1969ರ ಈ 30ನೇ ಕಾಯಿದೆಯ ಹೆಸರಿನಲ್ಲಿ ಮಾಥಾಡಿಯ ಪಕ್ಕದಲ್ಲೇ ಹಮಾಲ ಇದ್ದಾನೆ, ಅವನ ಪಕ್ಕದಲ್ಲಿ ‘ಇತರ ದೈಹಿಕ ಶ್ರಮಿಕರು’ ಇದ್ದಾರೆ. ಹಮಾಲ ಅರಬ್ಬಿಯಿಂದ ಬಂದ ಪದ; ಹುಬ್ಬಳ್ಳಿ, ಬಳ್ಳಾರಿಯ ಮಂಡಿಗಳಲ್ಲಿ ನಮಗೂ ಅದೇ ಪದ. ಹೊರುವವನು ಎಂದಷ್ಟೇ ಅದರ ಅರ್ಥ, ದೇಹದ ಯಾವ ಭಾಗದ ಹೆಸರೂ ಅದರಲ್ಲಿಲ್ಲ. ಅನುಸೂಚಿಗೆ ಬಂದರೆ, ಕಬ್ಬಿಣದ ಪೇಟೆ, ಅರಳೆ ಮತ್ತು ಬಟ್ಟೆಯ ಪೇಟೆ, ಕಿರಾಣಿ ಪೇಟೆ ಹೀಗೆ ಒಂದೊಂದರಲ್ಲೂ ಎಣಿಸಿರುವುದು ಕ್ರಿಯೆಗಳನ್ನು: ಹೇರುವುದು, ಇಳಿಸುವುದು, ಅಟ್ಟಿ ಹಾಕುವುದು, ಸಾಗಿಸುವುದು, ತೂಗುವುದು, ಅಳೆಯುವುದು. ಇವಕ್ಕೆ ಪೂರ್ವಸಿದ್ಧತೆಯಾದ, ಇವುಗಳ ಜೊತೆಗೆ ಬರುವ ಕೆಲಸವೂ ಸೇರಿದೆ. ತಲೆಯಿಂದಲೋ ಬೆನ್ನಿನಿಂದಲೋ ಗಾಲಿಯಿಂದಲೋ ಎಂದು ಈ ನಮೂದುಗಳು ಕೇಳುವುದಿಲ್ಲ. ಕೆಲಸವನ್ನು ಹೆಸರಿಸಿ ಸಾಧನವನ್ನು ಬಿಟ್ಟ ಕಾಯಿದೆಯನ್ನು ತಲೆಹೊರೆಯ ಕಾಯಿದೆ ಎಂದು ಓದುವುದು ಶೀರ್ಷಿಕೆಯ ಒಂದು ಪದಕ್ಕೆ ಇಡೀ ಪಠ್ಯವನ್ನು ಒಪ್ಪಿಸಿದಂತೆ. (ಯಂತ್ರದ ನೆರವಿನಿಂದ ಮಾಡಿದ್ದು ದೈಹಿಕ ಶ್ರಮವೇ ಎಂಬ ತಕರಾರು ಈಚೆಗೆ ಕೇಳಿಬರುತ್ತಿರುವುದು ನಿಜ. ಆದರೆ ಕೈಯಿಂದ ಪಂಪ್ ಮಾಡಿ, ಕಾಲು ಊರಿ ಎಳೆಯುವ ಪ್ಯಾಲೆಟ್ ಟ್ರಕ್ಕನ್ನು ಡೀಸೆಲ್ ಫೋರ್ಕ್‌ಲಿಫ್ಟಿನ ಪಕ್ಕ ನಿಲ್ಲಿಸುವವರು ಅದರ ಹಿಡಿ ಹಿಡಿದು ನೋಡಿಲ್ಲ ಎಂದೇ ನನ್ನ ನಂಬಿಕೆ.)

ಕೂಲಿಯ ಲೆಕ್ಕವೂ ಗುರುಗಳ ವಾದಕ್ಕೆ ಒಗ್ಗುವುದಿಲ್ಲ. ಮಾರುಕಟ್ಟೆಯಲ್ಲಿ ಟೋಳಿಯ, ಅಂದರೆ ಹೊರುವವರ ತಂಡದ, ಕೂಲಿ ಸಾಮಾನ್ಯವಾಗಿ ಗಂಟೆಗಲ್ಲ, ಚೀಲಕ್ಕೆ. ಅದರ ಮೇಲೆ ಮಾಲೀಕ ಈ ಕಾಯಿದೆಯಡಿಯ ಮಾಥಾಡಿ ಮಂಡಳಿಗೆ ಕಟ್ಟುವ ಲೆವಿಯಿಂದ ಭವಿಷ್ಯನಿಧಿ, ಬೋನಸು ಇತ್ಯಾದಿ ನಡೆಯುತ್ತದೆ. ಚೀಲಕ್ಕೆ ಕೂಲಿ ಪಡೆಯುವವನಿಗೆ ಬೆನ್ನು ಉಳಿಸುವ ಗಾಲಿ ಶತ್ರುವಾಗಲು ಕಾರಣವಿಲ್ಲ. ಹಾಗಿದ್ದಿದ್ದರೆ ಕೈಗಾಡಿಯೂ ಇರಬಾರದಿತ್ತು. ಮಸ್ಜಿದ್ ಬಂದರಿನ ಗಲ್ಲಿಗಳಲ್ಲಿ ಹಾತ್‌ಗಾಡಿ ಓಡಿತು, ಮಾರುಕಟ್ಟೆ ಅಲ್ಲಿಂದ ಖಾಡಿ ದಾಟಿ ತುರ್ಭೆಗೆ ಬಂದಮೇಲೆ ಇಲ್ಲೂ ಓಡುತ್ತಿದೆ. ಮಾಥಾಡಿ ನಾಯಕ ಅಣ್ಣಾಸಾಹೇಬ ಪಾಟೀಲರು ಸಂಘಟಿಸಿದ ಕಾರ್ಮಿಕರು ಗಾಲಿಯನ್ನು ಕಂಡು ಬೆದರುವವರಾಗಿರಲಿಲ್ಲ.

ಹಾಗಾದರೆ ಒಂದು ಗಾಲಿ ಬಂದು ಇನ್ನೊಂದು ಗಾಲಿ ಬಾರದ್ದೇಕೆ? ನನ್ನ ಮಟ್ಟಿಗೆ ಮುಖ್ಯ ಸಾಕ್ಷಿ ಗಾಲಿಯೇ.

ಪ್ಯಾಲೆಟ್ ಟ್ರಕ್ಕಿನ ಎರಡು ಫೋರ್ಕುಗಳು ಇಳಿಸಿದಾಗ ನೆಲದಿಂದ ಸುಮಾರು 85 ಮಿ.ಮೀ. ಎತ್ತರದಲ್ಲಿರುತ್ತವೆ, ಪಂಪ್ ಮಾಡಿದಾಗ ಸುಮಾರು 200 ಮಿ.ಮೀ.ಗೆ ಏರುತ್ತವೆ. ಪ್ಯಾಲೆಟ್ಟಿನ ಹಲಗೆಗಳ ನಡುವೆ ನುಸುಳಬೇಕಾದ್ದರಿಂದ ಫೋರ್ಕಿನ ತುದಿಯ ಗಾಲಿಗಳ ವ್ಯಾಸ ಸುಮಾರು 80 ಮಿ.ಮೀ.ಗಿಂತ ಹೆಚ್ಚು ಇರುವಂತಿಲ್ಲ. ಅಂದರೆ ತ್ರಿಜ್ಯ 40. ಈ ಗಾಲಿಗೆ 20 ಮಿ.ಮೀ. ಎತ್ತರದ ಕಲ್ಲಿನ ಅಂಚು ಅಡ್ಡ ಸಿಕ್ಕಿತೆನ್ನಿ. ಶಾಲೆಯ ಭೌತಶಾಸ್ತ್ರದ ಲೆಕ್ಕ ಸಾಕು: ಅಚ್ಚಿನ ಮಟ್ಟದಲ್ಲಿ ಅಡ್ಡಲಾಗಿ ಎಳೆದು ಅದನ್ನು ಹತ್ತಿಸಲು ಬೇಕಾಗುವ ಬಲ ಆ ಗಾಲಿಗಳ ಮೇಲಿರುವ ಭಾರದ 1.73 ಪಟ್ಟು. ಅದೇ ಅಂಚಿಗೆ 300 ಮಿ.ಮೀ. ತ್ರಿಜ್ಯದ ಕೈಗಾಡಿ ಗಾಲಿಗೆ ಬೇಕಾದ್ದು 0.38 ಪಟ್ಟು. ಅಂಚು 10 ಮಿ.ಮೀ. ಮಾತ್ರ ಇದ್ದರೂ ಲೆಕ್ಕ 0.88 ಮತ್ತು 0.26. ಗಾಲಿಗಳ ಮೇಲೆ 500 ಕಿಲೋ ಇದ್ದರೆ ಮೊದಲ ಸಂದರ್ಭದಲ್ಲಿ ಸುಮಾರು 865 ಕಿಲೋ ಭಾರಕ್ಕೆ ಸಮನಾದ ಎಳೆತ ಬೇಕು. ಟೋಳಿಯ ಇಬ್ಬರು ಜಗ್ಗಿ ಆಗುವ ಮಾತಲ್ಲ. ಅಂಚು 40 ಮಿ.ಮೀ.ಗೆ ಬಂತೋ, ಎಷ್ಟು ಬಲ ಹಾಕಿ ಅಡ್ಡಲಾಗಿ ಎಳೆದರೂ ಗಾಲಿ ಏರದು.

ಈ ಲೆಕ್ಕಕ್ಕೆ ಆಕ್ಷೇಪ ಎತ್ತಬಹುದು. ಒಂದರ ಹಿಂದೊಂದು ಜೋಡಿ ಗಾಲಿ ಕೂರಿಸಿದ ಫೋರ್ಕುಗಳಿವೆ, ಅವು ಸಣ್ಣ ಸಂದುಗಳನ್ನು ಸಲೀಸಾಗಿ ದಾಟುತ್ತವೆ. ಒಪ್ಪಿದೆ. ಆದರೆ ಆ ಜೋಡಿ ಗಾಲಿ ಹುಟ್ಟಿದ್ದೇ ಒಂಟಿ ಗಾಲಿ ಸಂದಿನಲ್ಲಿ ಸಿಕ್ಕಿಬೀಳುತ್ತಿತ್ತೆಂದು. ಕಚ್ಚಾ ನೆಲಕ್ಕೆಂದೇ ಗಾಳಿ ತುಂಬಿದ ದೊಡ್ಡ ಚಕ್ರ ಹಾಕಿದ ಪ್ಯಾಲೆಟ್ ಟ್ರಕ್ಕುಗಳನ್ನೂ ತಯಾರಕರು ಮಾಡಿದ್ದಾರೆ. ಅವುಗಳ ಚಕ್ರ ಪ್ಯಾಲೆಟ್ಟಿನ ಹೊರಗೆ ನಿಲ್ಲಬೇಕಾದ್ದರಿಂದ ಗಾಡಿ ಅಗಲವಾಗುತ್ತದೆ, ಗೋದಾಮಿನ ಇಕ್ಕಟ್ಟಿನಲ್ಲಿ ತಿರುಗದು. ನೆಲವೇ ಅಡ್ಡಿ ಎಂಬುದು ಯಂತ್ರ ಮಾಡಿದವರಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಅದರ ಚರಿತ್ರೆ ಬರೆದವರಿಗೆ.

ತುರ್ಭೆಯ ಈರುಳ್ಳಿ-ಬಟಾಟೆ ಮಾರುಕಟ್ಟೆಗೆ ಮಳೆಗಾಲದ ಬೆಳಗ್ಗೆ ಹೋಗಬೇಕು. ಲಾರಿಯಿಂದ ಗಾಳೆಯ (ಮಳಿಗೆಯ) ಕಟ್ಟೆಯವರೆಗಿನ ಕೆಲವೇ ಹೆಜ್ಜೆಗಳ ದಾರಿಯಲ್ಲಿ ಒದ್ದೆ ಸಿಪ್ಪೆಯ ಪದರ, ಅದರಡಿ ಒಡೆದ ಕಾಂಕ್ರೀಟು, ಚರಂಡಿಯ ಜಾಲರಿ, ಎಲ್ಲೆಂದರಲ್ಲಿ ಚೀಲ ಹೊಲಿದ ಸುತಳಿಯ ತುಂಡು. ಹತ್ತಿರದ ಗೋದಾಮೊಂದರ ಪ್ಯಾಲೆಟ್ ಟ್ರಕ್ಕನ್ನು ಮಗುಚಿ ಹಾಕಿ ದುರಸ್ತಿ ಮಾಡುತ್ತಿದ್ದುದನ್ನು ನಾನು ಕುಕ್ಕರಗಾಲಲ್ಲಿ ಕೂತು ನೋಡಿದ್ದೇನೆ. ಫೋರ್ಕಿನ ತುದಿಯ ಗಾಲಿ ತಿರುಗುತ್ತಿರಲಿಲ್ಲ. ಅಚ್ಚಿಗೆ ಸುತ್ತಿಕೊಂಡ ಸುತಳಿ ಸಿಪ್ಪೆಯ ರಸ ಕುಡಿದು, ಒಣಗಿ, ಮರದ ಬಿರಡೆಯಂತೆ ಗಟ್ಟಿಯಾಗಿತ್ತು. ದುರಸ್ತಿ ಮಾಡುತ್ತಿದ್ದವನು ಬ್ಲೇಡಿನ ತುಂಡಿನಿಂದ ಅದನ್ನು ಎಳೆ ಎಳೆಯಾಗಿ ಕುಯ್ದು ತೆಗೆದ. ತಿರುಗದೆ ಉಜ್ಜಿದ ಕಡೆ ನೈಲಾನು ಚಪ್ಪಟೆಯಾಗಿತ್ತು. ಹೊರಗೆ ಅದೇ ಸುತಳಿಯ ಮೇಲೆ ಕೈಗಾಡಿ ಗಡಗಡ ಹಾದುಹೋಯಿತು.

ನಯವಾದ ನೆಲದ ಬಳಿಕ ಯಂತ್ರ ಬೇಡಿದ ಎರಡನೆಯ ವಸ್ತು ಪ್ಯಾಲೆಟ್. ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದಲ್ಲಿ ಬಿಡಿಬಿಡಿಯಾಗಿ ತುಂಬಿದ 13,000 ಡಬ್ಬಿ ಆಹಾರದ ಪೆಟ್ಟಿಗೆಗಳನ್ನು ರೈಲಿನಿಂದ ಇಳಿಸಲು ಮೂರು ದಿನ ಹಿಡಿಯುತ್ತಿದ್ದರೆ, ಪ್ಯಾಲೆಟ್ ಮೇಲೆ ಬಂದಾಗ ನಾಲ್ಕೇ ಗಂಟೆ ಹಿಡಿಯಿತೆಂದು 1931ರ ವರದಿಯೊಂದಿದೆ. ಜಾರ್ಜ್ ರೇಮಂಡ್ ಮತ್ತು ವಿಲಿಯಂ ಹೌಸ್ ಅವರ ಪ್ಯಾಲೆಟ್ಟಿಗೆ 1939ರಲ್ಲಿ ಪೇಟೆಂಟ್ ದೊರೆಯಿತು. ಅವರು ಅದನ್ನು ರೂಪಿಸಿದ್ದೇ ತಮ್ಮ ಕೈ ಟ್ರಕ್ಕಿಗೆ ಜೊತೆಯಾಗಿ. ಒಂದನ್ನು ಬಿಟ್ಟರೆ ಇನ್ನೊಂದಕ್ಕೆ ಅರ್ಥವಿಲ್ಲ. ಹೊರೆಯನ್ನು ಮತ್ತೆ ನೆಲಕ್ಕೆ ಮುಟ್ಟಿಸಬಾರದು ಎಂಬುದೇ ಇದರ ತತ್ತ್ವ, ಮತ್ತು ಆ ತತ್ತ್ವ ನಮ್ಮವರಿಗೆ ಹೊಸದಲ್ಲ. ಕಾಸರಗೋಡಿನ ಕಡೆ ಹಳೆಯ ದಾರಿಬದಿಯಲ್ಲಿ ನಿಂತ ಅತ್ತಾಣಿ ಕಲ್ಲಿನ ಮೇಲೆ ತಲೆಹೊರೆಯನ್ನು ತಲೆಯ ಮಟ್ಟದಲ್ಲೇ ಜಾರಿಸಿಟ್ಟು ಉಸಿರು ತೆಗೆದುಕೊಳ್ಳುತ್ತಿದ್ದವನಿಗೆ ರೇಮಂಡ್ ಏನು ಮಾಡಿದನೆಂದು ವಿವರಿಸಬೇಕಾಗಿರಲಿಲ್ಲ. ಆದರೆ ಹೊಲದಿಂದ ಚೀಲದಲ್ಲಿ ಬಂದು, ಲಾರಿಯ ಹಲಗೆಯ ಮೇಲೆ ಚೀಲವಾಗಿಯೇ ಬಿದ್ದು, ಮಧ್ಯಾಹ್ನದೊಳಗೆ ಚೀಲವಾಗಿಯೇ ಮಾರಿಹೋಗುವ ಈರುಳ್ಳಿಯನ್ನು ನಡುವೆ ಅರ್ಧ ಗಂಟೆ ಪ್ಯಾಲೆಟ್ಟಿನ ಮೇಲೆ ಕೂರಿಸಿದರೆ ಎತ್ತುವುದು ಇಳಿಸುವುದು ಒಂದು ಸುತ್ತು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನನ್ನ ವಾದ ಸರಿಯಾದರೆ, ನೆಲ ನಯವಾಗಿದ್ದು ಸರಕು ಪ್ಯಾಲೆಟ್ ಮೇಲೇ ಬರುವಲ್ಲಿ ಇದೇ ಕಾಯಿದೆಯ ನೆರಳಲ್ಲಿ ಪ್ಯಾಲೆಟ್ ಟ್ರಕ್ ಓಡುತ್ತಿರಬೇಕು. ಓಡುತ್ತಿದೆ. 1989ರಲ್ಲಿ ನ್ಹಾವಾ ಶೇವಾದಲ್ಲಿ ಜವಾಹರಲಾಲ್ ನೆಹರೂ ಬಂದರು ಆರಂಭವಾಯಿತು. ಆ ಬಂದರಿನಿಂದ ತಂಪು ಕಂಟೇನರುಗಳಲ್ಲಿ ಬರುವ ವಿದೇಶಿ ಸೇಬಿನ ಪೆಟ್ಟಿಗೆಗಳು ಶೀತಲ ಗೋದಾಮುಗಳೊಳಗೆ ಪ್ಯಾಲೆಟ್ ಟ್ರಕ್ಕಿನ ಮೇಲೇ ಸಾಗುತ್ತವೆ. ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ, ನಾನಿರುವ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳಲ್ಲಿ ಎಚ್‌ಪಿಟಿ (ಹ್ಯಾಂಡ್ ಪ್ಯಾಲೆಟ್ ಟ್ರಕ್) ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಂಡಳಿಯಲ್ಲಿ ಹೆಸರು ನೋಂದಾಯಿಸಿದ ಟೋಳಿಯವರೇ ಅದನ್ನು ಎಳೆಯುವುದನ್ನು ನಾನು ಕಂಡಿದ್ದೇನೆ. ಕಾಯಿದೆ ಒಂದೇ, ಮನುಷ್ಯರೂ ಅವರೇ; ಬೇರೆಯಾಗಿರುವುದು ಕಾಲಡಿಯ ನೆಲ ಮತ್ತು ಸರಕಿನ ಅಡಿಯ ಹಲಗೆ.

ಒಂದು ವಿನಾಯಿತಿಯನ್ನು ಗುರುಗಳಿಗೆ ಕೊಡಲೇಬೇಕು. ಪ್ಯಾಲೆಟ್ ಬಂದರೆ ಎಣಿಕೆಯ ಮಾನ ಬದಲಾಗುತ್ತದೆ. 50 ಕಿಲೋದ 20 ಚೀಲ ಒಂದು ಪ್ಯಾಲೆಟ್ ಮೇಲೆ ಒಂದೇ ಬಾರಿ ಸಾಗಿದರೆ ಕೂಲಿ 20ಕ್ಕೋ ಒಂದಕ್ಕೋ? ಇದು ನ್ಯಾಯವಾದ ಪ್ರಶ್ನೆ. ಟೋಳಿ ಅದನ್ನು ಎತ್ತಿದರೆ ಯಂತ್ರವಿರೋಧ ಎನ್ನಲು ನಾನು ಸಿದ್ಧನಿಲ್ಲ. 1967ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ವಯಸ್ಕ ಗಂಡಸು ಹೊರುವ ಹೊರೆಗೆ 55 ಕಿಲೋದ ಮಿತಿ ಶಿಫಾರಸು ಮಾಡಿದ ಮೇಲೂ, ನೂರು ಕಿಲೋದ ಗೋಣಿಗೆ ಬೆನ್ನು ಕೊಟ್ಟವರು ಇವರು. ಚೀಲದ ತೂಕ 50 ಕಿಲೋಗೆ ಇಳಿಯಬೇಕೆಂದು ಕೇಳಿದವರೂ ಇವರೇ. ಹೊರೆಯ ವಿನ್ಯಾಸ ಬದಲಾಯಿಸಿ ಎಂದು ಹೇಳಿದವರನ್ನು ಬದಲಾವಣೆಗೆ ಅಡ್ಡ ನಿಂತವರೆಂದು ಬರೆಯುವುದು ಚರಿತ್ರೆಗೆ ಮಾಡುವ ಅನ್ಯಾಯ.

ಮುಂಬಯಿ ಕನ್ನಡಿಗರ ಚರಿತ್ರೆ ಎಂದರೆ ನಾವು ಹೋಟೆಲು, ಬ್ಯಾಂಕು, ರಾತ್ರಿಶಾಲೆಗಳನ್ನು ಬರೆಯುತ್ತೇವೆ. ನಮ್ಮ ಬ್ಯಾಡಗಿ ಮೆಣಸಿನಕಾಯಿ ತುರ್ಭೆಯ ಮಸಾಲೆ ಮಾರುಕಟ್ಟೆಯನ್ನು ಯಾರ ಬೆನ್ನ ಮೇಲೆ ಹೊಕ್ಕಿತೆಂದು ಬರೆದಿಲ್ಲ. ಅಲ್ಲಿ ಅದು ಉಬ್ಬಿದ ಚೀಲಗಳಲ್ಲಿ ಬಂದು ಬೀಳುತ್ತದೆ; ಗಾತ್ರಕ್ಕೆ ಹೋಲಿಸಿದರೆ ಹಗುರ, ಒತ್ತಿದರೆ ಒಳಗೆ ಮುರಿಯುವ ಸರಕು. ಅದಕ್ಕೆ ಕೊಕ್ಕೆ ಹಾಕಿ ಎಳೆಯುವಂತಿಲ್ಲ, ಒಂದರ ಮೇಲೊಂದು ಮಿತಿಮೀರಿ ಅಟ್ಟಿ ಒಟ್ಟುವಂತಿಲ್ಲ. ಕಳೆದ ಸಲ ಹೋದಾಗ ಒಬ್ಬರು ಎರಡು ಗಾಲಿಯ ಟ್ರಾಲಿಯನ್ನು ಚೀಲದ ಬುಡಕ್ಕೆ ನೂಕಿ, ಎದೆಯ ಕಡೆಗೆ ವಾಲಿಸಿಕೊಂಡು, ಭಾರ ಅಚ್ಚಿನ ನೇರಕ್ಕೆ ಬರುವವರೆಗೆ ಒಂದು ಕ್ಷಣ ತಡೆದು, ಆಮೇಲೆ ನಡೆದರು. ಟ್ರಾಲಿಯ ಮೂಲ ಗಾಲಿಗಳನ್ನು ಬಿಚ್ಚಿ ಸ್ಕೂಟರಿನ ಹಳೆಯ ಗಾಲಿ ಹಾಕಿಸಿದ್ದರು. ಏಕೆಂದು ಕೇಳಿದೆ. ಅವರು ಬಾಯಿ ಬಿಡದೆ ಬಾಗಿಲ ಬಳಿಯ ಒಡೆದ ಹೊಸ್ತಿಲನ್ನು ಕಾಲ್ಬೆರಳಿನಿಂದ ತೋರಿಸಿದರು.