ಗಾಳಿಯ ಲೆಕ್ಕ, ಇದ್ದಲಿನ ಲೆಕ್ಕ

ಗಾಳಿಗೆ ಯಾರೂ ಹಣ ತೆರಬೇಕಾಗಿಲ್ಲ. ಹೀಗಿದ್ದೂ ಗಾಳಿಯನ್ನೇ ನಂಬಿದ ಹಾಯಿಹಡಗು, ಹಣ ಕೊಟ್ಟು ಇದ್ದಲು ಸುಡುವ ಉಗಿಹಡಗಿಗೆ ಸೋತದ್ದೇಕೆ? ಹತ್ತೊಂಬತ್ತನೆಯ ಶತಮಾನದ ಈ ಪ್ರಸಂಗವನ್ನು ನಾವು ವೇಗದ ಕಥೆಯೆಂದು ಓದುವುದು ವಾಡಿಕೆ. ನನಗಾದರೋ ಅದು ಜಮಾಖರ್ಚಿನ ಕಥೆಯಾಗಿ ತೋರುತ್ತದೆ.

1838ರಲ್ಲಿ ಬ್ರೂನೆಲ್ ರೂಪಿಸಿದ 'ಗ್ರೇಟ್ ವೆಸ್ಟರ್ನ್' ಎಂಬ ಉಗಿಹಡಗು ಬ್ರಿಸ್ಟಲಿನಿಂದ ಹೊರಟು ಸುಮಾರು ಹದಿನೈದು ದಿನಗಳಲ್ಲಿ ನ್ಯೂಯಾರ್ಕ್ ಸೇರಿತು. ಉಗಿಯ ಸಾಮರ್ಥ್ಯ ಅಂದೇ ಸಿದ್ಧವಾಯಿತು. ಆದರೂ ಚೀನದ ಚಹಾ ಇನ್ನೂ ಮೂರು ದಶಕಗಳ ಕಾಲ ಬಹುಮಟ್ಟಿಗೆ ಹಾಯಿಹಡಗಿನಲ್ಲಿಯೇ ಇಂಗ್ಲೆಂಡಿಗೆ ಬಂದಿತು. ಕಾರಣ ಸರಳವಾದುದು. ಅಂದಿನ ಎಂಜಿನುಗಳ ಹಸಿವು ದೊಡ್ಡದು. ದೂರದ ಪಯಣಕ್ಕೆ ಸಾಲುವಷ್ಟು ಇದ್ದಲು ತುಂಬಿದರೆ ಸರಕಿಗೆ ಸ್ಥಳವೇ ಉಳಿಯದು. ಹೀಗೆ ಇದ್ದಲಿಗೆ ಎರಡು ಬೆಲೆ: ಕೊಂಡಾಗ ಕೊಟ್ಟ ಹಣ ಒಂದು, ಕೈತಪ್ಪಿದ ಬಾಡಿಗೆ ಇನ್ನೊಂದು.

ಈ ಲೆಕ್ಕವನ್ನು ತಿದ್ದಿದವನು ಲಿವರ್‌ಪೂಲಿನ ಆಲ್‌ಫ್ರೆಡ್ ಹೋಲ್ಟ್. 1866ರಲ್ಲಿ ಪಯಣ ಹೊರಟ ಅವನ 'ಅಗಮೆಮ್ನಾನ್' ಹಡಗಿನಲ್ಲಿ, ಒಂದು ಸಿಲಿಂಡರಿನಲ್ಲಿ ದುಡಿದ ಉಗಿ ಮತ್ತೊಂದರಲ್ಲಿ ಪುನಃ ದುಡಿಯುತ್ತಿತ್ತು. ಇದ್ದಲು ಉಳಿಯಿತು, ಸರಕಿಗೆ ಸ್ಥಳ ದೊರೆಯಿತು. 1869ರ ನವೆಂಬರ್ 17ರಂದು ಸೂಯೆಜ್ ಕಾಲುವೆ ತೆರೆಯಿತು. ಅದಾದ ಐದೇ ದಿನಕ್ಕೆ ಸ್ಕಾಟ್ಲೆಂಡಿನಲ್ಲಿ 'ಕಟಿ ಸಾರ್ಕ್' ಎಂಬ ಚಹಾದ ಹಾಯಿಹಡಗು ನೀರಿಗಿಳಿಯಿತು. ಕಾಲುವೆಯೂ ಕೆಂಪು ಸಮುದ್ರದ ಗಾಳಿಯೂ ಹಾಯಿಗೆ ಒಗ್ಗುವಂಥವಲ್ಲ. 1877ರಲ್ಲಿ ಆ ಹಡಗು ಕೊನೆಯ ಬಾರಿ ಚಹಾ ಹೊತ್ತಿತು. ಪುಕ್ಕಟೆಯ ಗಾಳಿಗೆ ಬೆಲೆಯಾಗಿ ಅದು ತೆತ್ತದ್ದು ಕಾಲವನ್ನು.

ಆದರೆ ಹಾಯಿ ಅಲ್ಲಿಗೇ ಮುಗಿಯಲಿಲ್ಲ. ಇದೇ 'ಕಟಿ ಸಾರ್ಕ್' 1883ರಿಂದ 1895ರ ವರೆಗೆ ಆಸ್ಟ್ರೇಲಿಯದ ಉಣ್ಣೆಯನ್ನು ಸಾಗಿಸಿ ಹೆಸರು ಮಾಡಿತು. ದಾರಿ ಬಲು ದೀರ್ಘ, ದಕ್ಷಿಣ ಸಾಗರದ ಗಾಳಿ ಬಲವಾದದ್ದು. ಅಲ್ಲಿ ಲೆಕ್ಕ ಮತ್ತೆ ಹಾಯಿಯ ಕಡೆಗೇ ವಾಲಿತು. ಯಂತ್ರ ಒಂದೇ, ದಾರಿ ಬೇರೆಯಾದರೆ ಖರ್ಚೂ ಬೇರೆ.

ಒಂದು ಬಾಬ್ತು ಮಾತ್ರ ಯಾವ ಖಾತೆಯಲ್ಲಿಯೂ ಸರಿಯಾಗಿ ನಮೂದಾಗಲಿಲ್ಲ. ಬ್ರಿಟಿಷ್ ಉಗಿಹಡಗುಗಳ ಕುಲುಮೆಯ ಮುಂದೆ ನಿಂತು ಇದ್ದಲು ಎತ್ತಿ ಹಾಕಿದವರಲ್ಲಿ ಸಿಲ್ಹೆಟ್ ಮೊದಲಾದ ಕಡೆಯ ನಮ್ಮ ಲಸ್ಕರರು ಅನೇಕರು. ಅವರ ಸಂಬಳ ಯುರೋಪಿನ ನಾವಿಕರ ಸಂಬಳಕ್ಕಿಂತ ಬಹಳ ಕಡಿಮೆ. ಉಗಿ ಅಗ್ಗವಾದುದರಲ್ಲಿ ಹೋಲ್ಟನ ಜಾಣ್ಮೆಯ ಪಾಲು ಇದ್ದಂತೆ ಇವರ ಬೆವರಿನ ಪಾಲೂ ಇದೆ. ಯಾವುದು ಅಗ್ಗ ಎಂದು ಕೇಳುವಾಗ, ಯಾರಿಗೆ ಅಗ್ಗ ಎಂದೂ ಕೇಳಬೇಕಲ್ಲವೆ?