ಕ್ರಮ ತಪ್ಪಿದರೆ ಫಲವೂ ಬೇರೆ

ಪ್ರೌಢಶಾಲೆಯಲ್ಲಿ ಗಣಿತ ಬೋಧಿಸುತ್ತಿದ್ದ ಕಾಲದಲ್ಲಿ ನಾನು ಪ್ರತಿವರ್ಷ ಹೇಳುತ್ತಿದ್ದ ಮಾತೊಂದಿತ್ತು: ಗುಣಾಕಾರದಲ್ಲಿ ಕ್ರಮಕ್ಕೆ ಬೆಲೆಯಿಲ್ಲ, ಮೂರು ನಾಲ್ಕಲಿ ಹನ್ನೆರಡು, ನಾಲ್ಕು ಮೂರಲಿಯೂ ಹನ್ನೆರಡು. ‘ಎಲ್ಲ ಕಡೆಯೂ ಹೀಗೆಯೇ ಏನು ಸಾರ್?’ ಎಂದು ಹುಡುಗನೊಬ್ಬ ಕೇಳಿದ್ದ. ‘ಎಲ್ಲ ಕಡೆಯೂ’ ಎಂದು ಅವನನ್ನು ಕೂರಿಸಿಬಿಟ್ಟೆ. ಆ ಉತ್ತರ ತಪ್ಪು. ಈ ಲೇಖನ ಅವನಿಗೆ ನಾನು ಸಲ್ಲಿಸಬೇಕಾದ ಬಾಕಿ.

ಪುಸ್ತಕವೊಂದನ್ನು ಮುಖಪುಟ ಮೇಲಾಗಿ, ಓದುವಂತೆ ಮೇಜಿನ ಮೇಲಿಡಿ. ಮೊದಲು ಅದನ್ನು ಮಲಗಿದಂತೆಯೇ ಎಡಕ್ಕೆ 90 ಡಿಗ್ರಿ ತಿರುಗಿಸಿ. ಬಳಿಕ ನಿಮ್ಮಿಂದ ದೂರದ ಅಂಚನ್ನು ಮೇಲೆತ್ತಿ ನಿಲ್ಲಿಸಿ. ಮುಖಪುಟ ನಿಮ್ಮತ್ತ ನೋಡುತ್ತದೆ, ಶೀರ್ಷಿಕೆ ಮಾತ್ರ ಅಡ್ಡಬಿದ್ದಿರುತ್ತದೆ. ಈಗ ಮೊದಲಿನಂತಿಟ್ಟು, ಮೊದಲು ಎತ್ತಿ ನಿಲ್ಲಿಸಿ, ಬಳಿಕ ಮೇಲಿನಿಂದ ನೋಡಿದಾಗ ಅಪ್ರದಕ್ಷಿಣವಾಗಿ ಅಷ್ಟೇ ತಿರುಗಿಸಿ. ಪುಸ್ತಕ ನೆಟ್ಟಗೆ ನಿಂತು ಬಲಕ್ಕೆ ಮುಖಮಾಡುತ್ತದೆ. ಅವೇ ಎರಡು ಭ್ರಮಣಗಳು; ಫಲ ಬೇರೆ.

1775ರಲ್ಲಿ, ಬಹುತೇಕ ದೃಷ್ಟಿ ಕಳೆದುಕೊಂಡಿದ್ದ ಆಯ್ಲರ್ ಒಂದು ಸುಂದರ ಪ್ರಮೇಯವನ್ನು ಮಂಡಿಸಿದನು. ಕೇಂದ್ರವನ್ನು ಕದಲಿಸದೆ ಗೋಳವನ್ನು ಹೇಗೆ ಹೊರಳಿಸಿದರೂ, ಆ ಬದಲಾವಣೆ ಯಾವುದೋ ಒಂದು ವ್ಯಾಸದ ಸುತ್ತಲಿನ ಒಂದೇ ಭ್ರಮಣಕ್ಕೆ ಸಮ. ಆದ್ದರಿಂದ ಎರಡು ಭ್ರಮಣಗಳು ಕೂಡಿದರೂ ಒಂದೇ ಭ್ರಮಣ. ಆದರೆ ಅದರ ಅಕ್ಷ ಯಾವುದು, ಕೋನ ಎಷ್ಟು? ದಿಕ್ಕನ್ನು ಮೂರು ಕೋನಗಳಿಂದ ಸೂಚಿಸುವ ಕ್ರಮ ಆಯ್ಲರನ ಹೆಸರಿನಲ್ಲೇ ಇದೆ. ಆದರೂ ಕೋನಕ್ಕೆ ಕೋನ ಕೂಡಿದರೆ ಉತ್ತರ ದೊರೆಯದು.

ಉತ್ತರವನ್ನು 1840ರಲ್ಲಿ ಕೊಟ್ಟವನು ಪ್ಯಾರಿಸ್ಸಿನ ಬ್ಯಾಂಕರ್ ಒಲಾಂದ್ ರೋಡ್ರಿಗ್ಸ್. ಗುಟ್ಟು ಇರುವುದು ಅರ್ಧಕೋನದಲ್ಲಿ. ಅಕ್ಷಗಳು ಪರಸ್ಪರ ಲಂಬವಾಗಿದ್ದರೆ, ಅರ್ಧಕೋನಗಳ ಕೊಸೈನ್‌ಗಳ ಗುಣಲಬ್ಧವೇ ಒಟ್ಟು ಭ್ರಮಣದ ಅರ್ಧಕೋನದ ಕೊಸೈನ್. ನಮ್ಮ ಪುಸ್ತಕಕ್ಕೆ ಅನ್ವಯಿಸಿರಿ: 45 ಡಿಗ್ರಿಯ ಕೊಸೈನ್‌ನ ವರ್ಗ ½, ಅದು 60 ಡಿಗ್ರಿಯ ಕೊಸೈನ್. ಆದ್ದರಿಂದ 90ಕ್ಕೆ 90 ಸೇರಿದರೆ 180 ಅಲ್ಲ, 120! ಎರಡು ಕ್ರಮಗಳಲ್ಲೂ ಕೋನ ಒಂದೇ, ಅಕ್ಷ ಮಾತ್ರ ಬೇರೆ. ಅನುಮಾನವಿದ್ದರೆ ಯಾವುದಾದರೊಂದು ಜೋಡಿಯನ್ನು ಅದೇ ಕ್ರಮದಲ್ಲಿ ಮೂರು ಸಲ ಮಾಡಿರಿ. ಪುಸ್ತಕ ಮೊದಲಿನ ಸ್ಥಿತಿಗೇ ಮರಳುತ್ತದೆ.

ಮೂರು ವರ್ಷಗಳ ಬಳಿಕ, 1843ರ ಅಕ್ಟೋಬರ್ 16ರಂದು, ಡಬ್ಲಿನ್‌ನ ಕಾಲುವೆಯ ದಂಡೆಯಲ್ಲಿ ಪತ್ನಿಯೊಡನೆ ನಡೆಯುತ್ತಿದ್ದ ಹ್ಯಾಮಿಲ್ಟನ್ನನಿಗೆ ಕ್ವಾಟರ್ನಿಯನ್‌ಗಳು ಹೊಳೆದವು. ಸೂತ್ರವನ್ನು ಸೇತುವೆಯ ಕಲ್ಲಿನ ಮೇಲೆ ಕೆತ್ತಿದನು. ಅಲ್ಲಿ ಮೂರಲ್ಲ, ನಾಲ್ಕು ಸಂಖ್ಯೆಗಳು ಬೇಕು. ಗುಣಾಕಾರದ ಕ್ರಮ ಬದಲಿಸಿದರೆ ಗುಣಲಬ್ಧವೂ ಬದಲಾಗಬಹುದು. ರೋಡ್ರಿಗ್ಸನ ಅರ್ಧಕೋನಗಳೇ ಅವುಗಳ ಒಳಗೂ ಇವೆ. ಸೇತುವೆ ಯಾತ್ರಾಸ್ಥಳವಾಯಿತು, ಬ್ಯಾಂಕರನ ಹೆಸರು ಬಹುಕಾಲ ಮಸುಕಾಗಿಯೇ ಉಳಿಯಿತು.

ಇದು ಬರಿಯ ಪಂಡಿತರ ವಿನೋದವಲ್ಲ. ಮೂರು ಕೋನಗಳ ಪದ್ಧತಿಯಲ್ಲಿ ನಡುವಿನ ಕೋನ 90 ಡಿಗ್ರಿ ಮುಟ್ಟಿದರೆ ಮೊದಲ ಮತ್ತು ಮೂರನೆಯ ಅಕ್ಷಗಳು ಒಂದಾಗಿ, ಒಂದು ಸ್ವಾತಂತ್ರ್ಯ ಕಳೆದುಹೋಗುತ್ತದೆ. 1969ರಲ್ಲಿ ಅಪೋಲೋ 11ರ ದಿಕ್ಸೂಚಕ ವೇದಿಕೆ ಮೂರು ಬಳೆಗಳಲ್ಲಿ ತೂಗುತ್ತಿದ್ದುದರಿಂದ ಯಾತ್ರಿಕರು ಆ ಸ್ಥಿತಿಯನ್ನು ತಪ್ಪಿಸಬೇಕಿತ್ತು. ಕ್ರಿಸ್‌ಮಸ್ ಉಡುಗೊರೆಯಾಗಿ ನಾಲ್ಕನೆಯ ಬಳೆ ಕಳುಹಿಸಿರೆಂದು ಮೈಕೆಲ್ ಕಾಲಿನ್ಸ್ ಭೂಮಿಯವರನ್ನು ಹಾಸ್ಯದಿಂದ ಕೇಳಿದ್ದನು.

ಅಂದು ಪ್ರಶ್ನೆ ಕೇಳಿದ ಹುಡುಗ ಇದನ್ನು ಓದುತ್ತಿದ್ದರೆ ತಿಳಿಯಲಿ: ಎಲ್ಲ ಕಡೆಯೂ ಹಾಗಲ್ಲ ಮಗೂ, ನೀನು ಕೇಳಿದ್ದೇ ಸರಿ.