ತಂಗಡಿ ಕಡ್ಡಿಯಿಂದ ಬೆಟ್ಟದ ಬೂಟಿನವರೆಗೆ

ಈಗ ಮಂಡ್ಯ ನಗರದೊಳಗೇ ಸೇರಿಹೋಗಿರುವ ಗುತ್ತಲಿನಿಂದ ಪಾಂಡವಪುರದ ಕುಂತಿಬೆಟ್ಟ ಅಷ್ಟೇನೂ ದೂರವಲ್ಲ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಜೊತೆ ಅಲ್ಲಿಗೆ ಹೋಗಿದ್ದೆ. ಹಿಂದೆಂದೋ ಚಾರಣಕ್ಕೆಂದು ಕೊಂಡು, ಎರಡು ಸಲ ಹಾಕಿ, ಆರು ವರ್ಷ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟಿದ್ದ ಚರ್ಮದ ಬೂಟು ಅಂದು ನನ್ನ ಕಾಲಲ್ಲಿತ್ತು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಬಲಗಾಲಿನ ಅಟ್ಟೆ ಹಳೆಯ ರೊಟ್ಟಿಯ ಹಾಗೆ ಪುಡಿಪುಡಿಯಾಗಿ ಉದುರಿತು. ಹುರಿಯಿಂದ ಕಟ್ಟಿಕೊಂಡು ಇಳಿದೆ. "ಸಾರ್, ಮೇಲಿನ ಚರ್ಮ ಹೊಸದರಂತೆ ಇದೆಯಲ್ಲ, ಅಟ್ಟೆ ಮಾತ್ರ ಯಾಕೆ ಹೀಗಾಯಿತು?" ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಆ ಹೊತ್ತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಹುಡುಕಹೊರಟಾಗ ಬೂಟಿನ ಕಥೆ ನಮ್ಮ ಊರಿನ ಬೇಲಿಯವರೆಗೂ ಬಂದು ನಿಂತಿತು. ಬೇಲಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ನಿಮಗೆ ಗೊತ್ತಿರಲೇಬೇಕು. ಕೆಲವರು ಅದನ್ನು ಆವರಿಕೆ ಎನ್ನುತ್ತಾರೆ. ಸಸ್ಯಶಾಸ್ತ್ರಜ್ಞರಿಗೆ ಅದು ಸೆನ್ನ ಆರಿಕ್ಯುಲೇಟ. ದಕ್ಷಿಣ ಭಾರತದ ಚರ್ಮ ಒಂದು ಕಾಲಕ್ಕೆ ಈ ಗಿಡದ ತೊಗಟೆಯ ಮೇಲೆ ನಿಂತಿತ್ತು.

ಬುಕನನ್ ಕಂಡ ಹದ

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಮೈಸೂರು ಸೀಮೆಯ ಬೆಳೆ, ಕಸುಬು, ಜನಜೀವನಗಳನ್ನು ದಾಖಲಿಸಲು ಮದರಾಸಿನಿಂದ ಹೊರಟ. ಆ ವರ್ಷದ ಮೇ ತಿಂಗಳಲ್ಲಿ ಮದ್ದೂರು, ಮಂಡ್ಯ ಹಾದು ಶ್ರೀರಂಗಪಟ್ಟಣ ತಲುಪಿದ. ಮಾದಿಗರು ಚರ್ಮ ಹದ ಮಾಡುವ ಕ್ರಮವನ್ನೂ ಆತ ತನ್ನ ವರದಿಯಲ್ಲಿ ಅಳತೆ ಸಮೇತ ಬರೆದಿಟ್ಟಿದ್ದಾನೆ.

ಕುರಿ, ಆಡುಗಳ ಚರ್ಮಕ್ಕೆ ಒಂದು ವಿಧಾನ. ಎಕ್ಕದ ಹಾಲು, ಉಪ್ಪು, ರಾಗಿ ಹಿಟ್ಟಿನ ಮುದ್ದೆ ಇವನ್ನು ಕಲಸಿ ಕೂದಲಿರುವ ಬದಿಗೆ ಬಳಿದು ಮೂರು ದಿನ ಬಿಸಿಲಿಗೆ ಹಾಕುತ್ತಿದ್ದರು. ಆಮೇಲೆ ಕಲ್ಲಿನ ಮೇಲೆ ಬಡಿದು ಒಗೆದರೆ ಕೂದಲು ಕಳಚಿಕೊಳ್ಳುತ್ತಿತ್ತು. ಬಳಿಕ ಅಳಲೆಕಾಯಿ ಪುಡಿ ಹಾಕಿದ ನೀರಿನಲ್ಲಿ ಮೂರು ದಿನ. ಇದನ್ನು ಕೇವಲ ಹಳ್ಳಿ ಉಪಾಯ ಎಂದು ತಳ್ಳಿಹಾಕಬೇಡಿ. ಎಕ್ಕದ ಹಾಲಿನಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಕೂದಲಿನ ಬುಡದ ಪ್ರೋಟೀನ್ ಸಡಿಲವಾದರೆ ಕೂದಲು ತಾನೇ ಬರುತ್ತದೆ. ಸುಣ್ಣ ಮತ್ತು ಸಲ್ಫೈಡ್‌ನಿಂದ ಆಗುವ ಮಾಲಿನ್ಯ ತಪ್ಪಿಸಲು ಇಂದಿನ ಚರ್ಮ ವಿಜ್ಞಾನಿಗಳು ಕಿಣ್ವದಿಂದ ಕೂದಲು ತೆಗೆಯುವ ವಿಧಾನಗಳನ್ನೇ ಬೆಳೆಸುತ್ತಿದ್ದಾರೆ.

ಎತ್ತು, ಎಮ್ಮೆಗಳ ದಪ್ಪ ತೊಗಲಿಗೆ ಬೇರೆ ಕ್ರಮ. ಎಂಟು ದಿನ ಸುಣ್ಣದ ನೀರಿನಲ್ಲಿಟ್ಟು ಕೂದಲು ಉಜ್ಜಿ ತೆಗೆಯುವುದು. ಸಿಪ್ಪೆ ಸುಲಿಯದ ತಂಗಡಿ ಕಡ್ಡಿಗಳನ್ನು ಹಾಕಿದ ನೀರಿನಲ್ಲಿ ನಾಲ್ಕು ದಿನ, ಮತ್ತೆ ಅಷ್ಟೇ ಹೊಸ ಕಡ್ಡಿ ಮತ್ತು ನೀರು ಸೇರಿಸಿ ಇನ್ನೂ ನಾಲ್ಕು ದಿನ ನೆನೆಸುವುದು. ತೊಳೆದು, ಗೂಟ ಹೊಡೆದು ಬಿಸಿಲಿನಲ್ಲಿ ಒಣಗಿಸುವುದು. ಇಷ್ಟನ್ನು ವಿವರಿಸಿದ ಬುಕನನ್ ಕೊನೆಗೆ ಈ ಚರ್ಮ ಬಹಳ ಕೆಟ್ಟದ್ದು ಎಂದು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟು ಮುಂದೆ ಹೋದ.

ತೀರ್ಪು ಸುಳ್ಳಲ್ಲ. ಆದರೆ ಏಕೆ ಕೆಟ್ಟದ್ದು ಎಂದು ಆತ ಕೇಳಲಿಲ್ಲ. ಆ ಪ್ರಶ್ನೆಯನ್ನು ನಾವು ಕೇಳೋಣ.

ತೊಗಲು ಚರ್ಮವಾಗುವುದು ಹೇಗೆ?

ಹಸಿ ತೊಗಲಿನ ಮುಖ್ಯ ವಸ್ತು ಕೊಲಾಜೆನ್ ಎಂಬ ಪ್ರೋಟೀನ್. ಮೂರು ಎಳೆಗಳು ಹುರಿಗೊಂಡ ಹಗ್ಗದಂತೆ ಅದರ ರಚನೆ. ಇದನ್ನು 1954ರಲ್ಲಿ ಮೊದಲು ಸೂಚಿಸಿದವರು ಮದರಾಸು ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರು ಪರೀಕ್ಷಿಸಿದ ಕಾಂಗರೂ ಬಾಲದ ಸ್ನಾಯುರಜ್ಜು ಬಂದದ್ದು ಮದರಾಸಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ. ಆಧುನಿಕ ಜೀವಭೌತ ವಿಜ್ಞಾನದ ಒಂದು ದೊಡ್ಡ ಶೋಧಕ್ಕೆ ಚರ್ಮದ ಕಸುಬು ಹೀಗೆ ನೆರವಾಯಿತು.

ಒದ್ದೆ ತೊಗಲನ್ನು ಹಾಗೆಯೇ ಬಿಟ್ಟರೆ ಬ್ಯಾಕ್ಟೀರಿಯಾಗಳು ಈ ಹಗ್ಗವನ್ನು ತಿಂದುಹಾಕುತ್ತವೆ. ಒಣಗಿಸಿದರೆ ಎಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗುತ್ತದೆ. ತಂಗಡಿ, ಅಳಲೆ, ಜಾಲಿ ತೊಗಟೆಗಳಲ್ಲಿರುವ ಟ್ಯಾನಿನ್‌ಗಳು ಎಳೆಗಳ ನಡುವೆ ಸೇರಿ, ಹೈಡ್ರೋಜನ್ ಬಂಧಗಳಿಂದ ಅವನ್ನು ಹಿಡಿದು, ಕೊಳೆಯದಂತೆಯೂ ಬಿರುಸಾಗದಂತೆಯೂ ಕಾಯುತ್ತವೆ. ಇದೇ ಹದ.

ಆದರೆ ಟ್ಯಾನಿನ್ ಅಣುಗಳು ದೊಡ್ಡವು. ಎತ್ತಿನ ತೊಗಲಿನ ದಪ್ಪದೊಳಗೆ ಅವು ಬಹಳ ನಿಧಾನವಾಗಿ ಇಳಿಯುತ್ತವೆ. ಯುರೋಪಿನಲ್ಲಿ ಅಟ್ಟೆಯ ಚರ್ಮವನ್ನು ಓಕ್ ತೊಗಟೆಯ ಗುಂಡಿಗಳಲ್ಲಿ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹುಗಿದಿಡುತ್ತಿದ್ದರು. ನಮ್ಮವರು ಎಂಟು ದಿನಕ್ಕೆ ತೆಗೆದರು! ಹೊರಗಿನ ಪದರಗಳು ಹದಗೊಂಡು, ನಡುವಿನ ಪದರ ಹಸಿಯಾಗಿಯೇ ಉಳಿಯಿತು. ಮಳೆಗಾಲ ಬಂದರೆ ಆ ನಡುವೇ ಊದಿ ಕೊಳೆಯುತ್ತದೆ.

ಅವರಿಗೆ ಇದು ತಿಳಿದಿರಲಿಲ್ಲವೇ? ದಿನವೂ ಕೈಯಲ್ಲಿ ಚರ್ಮ ಹಿಡಿಯುವವನಿಗೆ ತಿಳಿಯದಿರಲು ಸಾಧ್ಯವಿಲ್ಲ ಎಂಬುದು ನನ್ನ ಅನಿಸಿಕೆ. ಒಂದು ವರ್ಷ ತೊಗಲನ್ನು ಗುಂಡಿಯಲ್ಲಿ ಇಡಬೇಕಾದರೆ ಆ ವರ್ಷವಿಡೀ ಊಟಕ್ಕೆ ಬೇರೆ ದಾರಿ ಇರಬೇಕು. ಸತ್ತ ದನದ ತೊಗಲು ಸುಲಿದು, ಅದರಿಂದ ರೈತನಿಗೆ ಕಪಿಲೆ ಬಾನಿ, ಮಿಣಿ, ಎಕ್ಕಡ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಕಾಳು ಪಡೆಯುವವನ ಬಳಿ ಅಂಥ ಬಂಡವಾಳ ಎಲ್ಲಿಂದ ಬರಬೇಕು? ಊರಿಗೆಲ್ಲ ಎಕ್ಕಡ ಹೊಲಿದವನು ಮೇಲ್ಜಾತಿಯವರ ಬೀದಿಯಲ್ಲಿ ಅದನ್ನು ಮೆಟ್ಟಿ ನಡೆಯುವಂತಿರಲಿಲ್ಲ ಎಂಬುದನ್ನೂ ಇದೇ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಅದೇ ಗಿಡ, ಬೇರೆ ಫಲ

ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸು ಪ್ರಾಂತದಲ್ಲಿ ಬಂಡವಾಳವಿದ್ದ ವ್ಯಾಪಾರಿಗಳು ಹದದ ಕಾರ್ಖಾನೆಗಳನ್ನು ತೆರೆದರು. ಬಳಸಿದ್ದು ಅದೇ ತಂಗಡಿ ತೊಗಟೆ, ಅದೇ ಅಳಲೆಕಾಯಿ. ಆದರೆ ಕಡ್ಡಿಯ ಬದಲು ಸುಲಿದ ತೊಗಟೆ. ಅದರಲ್ಲಿ ಟ್ಯಾನಿನ್ ಅಂಶ ನೂರಕ್ಕೆ 15ರಿಂದ 20ರಷ್ಟು. ತೊಗಲನ್ನು ಮೊದಲು ತೆಳು ಕಷಾಯದಲ್ಲಿ, ಆಮೇಲೆ ಹಂತಹಂತವಾಗಿ ಗಟ್ಟಿ ಕಷಾಯದಲ್ಲಿ ವಾರಗಟ್ಟಲೆ ಇಡುತ್ತಿದ್ದರು. ಮೊದಲಿಗೇ ಗಟ್ಟಿ ಕಷಾಯಕ್ಕೆ ಹಾಕಿದರೆ ಹೊರಪದರ ಬಿಗಿದುಕೊಂಡು ಟ್ಯಾನಿನ್ ಒಳಕ್ಕೆ ಹೋಗುವ ದಾರಿಯೇ ಮುಚ್ಚುತ್ತದೆ. ಕೊನೆಯಲ್ಲಿ ಅಳಲೆಯ ನೀರು, ಎಣ್ಣೆ. ಹೀಗೆ ತಯಾರಾದ ಚರ್ಮ 'ಈಸ್ಟ್ ಇಂಡಿಯಾ' ಹೆಸರಿನಲ್ಲಿ ಲಂಡನ್ ಮಾರುಕಟ್ಟೆ ಸೇರಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆಯ ಬೂಟುಗಳ ಮೇಲ್ಭಾಗಕ್ಕೆಂದು ಸರ್ಕಾರವೇ ಈ ಚರ್ಮವನ್ನು ಕೊಳ್ಳತೊಡಗಿತು. ಬುಕನನ್ ಹಳಿದ ಚರ್ಮದ ಬಂಧುವೇ ನೂರು ಚಿಲ್ಲರೆ ವರ್ಷಗಳ ನಂತರ ಅವನ ದೇಶದ ಸೈನಿಕರ ಕಾಲು ಕಾಯಿತು. ಗಿಡ ಬದಲಾಗಿರಲಿಲ್ಲ, ಕೊಟ್ಟ ಕಾಲ ಬದಲಾಗಿತ್ತು.

ಈ ನಡುವೆ ಕ್ರೋಮ್ ಬಂತು. ಅಮೆರಿಕದಲ್ಲಿ ಆಗಸ್ಟಸ್ ಶುಲ್ಟ್ಸ್ 1884ರಲ್ಲಿ ಕ್ರೋಮಿಯಂ ಲವಣಗಳಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಕ್ರೋಮಿಯಂ ಅಯಾನುಗಳು ಚಿಕ್ಕವು. ಬೇಗ ಒಳಹೋಗಿ ಕೊಲಾಜೆನ್‌ನ ಕಾರ್ಬಾಕ್ಸಿಲ್ ಗುಂಪುಗಳ ಜೊತೆ ಗಟ್ಟಿ ಬಂಧ ಕಟ್ಟುತ್ತವೆ. ವಾರಗಳ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ದಕ್ಷಿಣ ಭಾರತಕ್ಕೆ ಇದನ್ನು ಪರಿಚಯಿಸಿದವರು ಆಲ್ಫ್ರೆಡ್ ಚಾಟರ್ಟನ್. 1903ರ ಸುಮಾರಿಗೆ ಮದರಾಸಿನಲ್ಲಿ ಅವರು ಪ್ರಯೋಗ ಆರಂಭಿಸಿದಾಗ ಕಣ್ಣಿಟ್ಟಿದ್ದು ಬೂಟಿನ ಮೇಲಲ್ಲ, ಸದಾ ನೀರಿನಲ್ಲಿ ನೆನೆಯುವ ಕಪಿಲೆ ಬಾನಿಯ ಮೇಲೆ. 1910ರ ದಶಕದಲ್ಲಿ ಅವರು ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಕನ್ನಂಬಾಡಿಯ ನಾಲೆ ನೀರು ಬರುವ ಮುನ್ನ ನಮ್ಮ ಮಂಡ್ಯದ ಬಾವಿಗಳಲ್ಲೂ ಕಪಿಲೆಯೇ ಆಧಾರ. ಇಡೀ ದಿನ ನೀರಿನಲ್ಲಿ ಮುಳುಗಿ ಏಳುವ ಬಾನಿಗೆ ಒಗ್ಗುವ ಚರ್ಮ, ಮಳೆಯ ಕಾಡಿನಲ್ಲಿ ನಡೆಯುವ ಬೂಟಿಗೂ ಒಗ್ಗುತ್ತದೆ.

ಮೊಳೆ ಹೋಗಿ ರಬ್ಬರ್ ಬಂತು

ಹಿಂದಿನ ಬೇಟೆಗಾರರೂ ಪರ್ವತಾರೋಹಿಗಳೂ ಜಾರದಿರಲು ಚರ್ಮದ ಅಟ್ಟೆಗೆ ಕಬ್ಬಿಣದ ಮೊಳೆ ಹೊಡೆಸುತ್ತಿದ್ದರು. 1924ರಲ್ಲಿ ಎವರೆಸ್ಟ್‌ನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಾಗ ಕಾಲಿನಲ್ಲಿ ಮೊಳೆ ಹೊಡೆದ ಬೂಟು ಹಾಗೇ ಇತ್ತು. ಮೊಳೆ ಬಂಡೆಯ ಮೇಲೆ ಸದ್ದು ಮಾಡುತ್ತದೆ, ಬೇಟೆಗೆ ಅದು ಒಳ್ಳೆಯದಲ್ಲ. ಹಿಮದಲ್ಲಾದರೋ ಕಾಲಿನ ಶಾಖವನ್ನು ಹೊರಗೆ ಸಾಗಿಸುತ್ತದೆ. 1935ರಲ್ಲಿ ಇಟಲಿಯ ಆಲ್ಪ್ಸ್‌ನಲ್ಲಿ ಆರು ಮಂದಿ ಬಿರುಗಾಳಿಗೆ ಸಿಕ್ಕು ಸತ್ತರು. ಬಂಡೆ ಹತ್ತಲೆಂದು ಅವರು ಮೊಳೆಬೂಟು ಬಿಟ್ಟು ಹಗುರ ಪಾದರಕ್ಷೆ ತೊಟ್ಟಿದ್ದರು. ಹಿಮ ಬಿದ್ದಾಗ ಅದರಲ್ಲಿ ಇಳಿಯಲಾಗಲಿಲ್ಲ. ಆ ತಂಡದ ಜೊತೆಗಿದ್ದ ವಿಟಾಲೆ ಬ್ರಮಾನಿ ಆಳ ಕಚ್ಚುಗಳಿರುವ ರಬ್ಬರ್ ಅಟ್ಟೆಯನ್ನು ರೂಪಿಸಿ 1937ರಲ್ಲಿ ಪೇಟೆಂಟ್ ಪಡೆದ. ಅವನ ಹೆಸರಿನ ತುಣುಕುಗಳಿಂದಲೇ 'ವಿಬ್ರಾಂ' ಎಂಬ ಹೆಸರು ಬಂತು. 1954ರಲ್ಲಿ ಕೆ2 ಶಿಖರ ಏರಿದ ಇಟಲಿಯ ತಂಡ ಈ ಅಟ್ಟೆಯನ್ನೇ ತೊಟ್ಟಿತ್ತು.

ನಿಮ್ಮ ಕಾಲಿಗೆ ಯಾವುದು?

ನಮ್ಮ ದೇಶದಲ್ಲಿ ಬೇಟೆಯ ಕಾಲ 1972ರ ವನ್ಯಜೀವಿ ಕಾಯಿದೆಯೊಂದಿಗೆ ಮುಗಿಯಿತು. ಬೇಟೆಯ ಬೂಟಿನ ಜ್ಞಾನ ಈಗ ಬೇಕಾಗಿರುವುದು ಚಾರಣ ಹೋಗುವ ನಿಮಗೆ, ಮುತ್ತತ್ತಿಯ ಕಾಡಿನಲ್ಲಿ ಗಸ್ತು ತಿರುಗುವ ಅರಣ್ಯ ಕಾವಲುಗಾರರಿಗೆ ಮತ್ತು, ನನ್ನನ್ನು ಕೇಳಿದರೆ, ಎಲ್ಲರಿಗಿಂತ ಹೆಚ್ಚಾಗಿ ಕಬ್ಬು ಕಡಿಯುವವರಿಗೆ. ಹಾವು ಕಚ್ಚುವುದು ಬಹುಪಾಲು ಪಾದ ಮತ್ತು ಕಣಕಾಲಿಗೆ. ಗದ್ದೆಗೆ ಬರಿಗಾಲಲ್ಲಿ ಇಳಿಯುವವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ.

ಕೊಳ್ಳುವಾಗ ಚರ್ಮದ ಕತ್ತರಿಸಿದ ಅಂಚನ್ನು ನೋಡಿ. ಕ್ರೋಮ್ ಚರ್ಮವಾದರೆ ಸಾಮಾನ್ಯವಾಗಿ ನಡುವೆ ನೀಲಿ ಛಾಯೆಯ ಬೂದು ಬಣ್ಣ, ತೊಗಟೆಯಿಂದ ಹದ ಮಾಡಿದ್ದಾದರೆ ಕಂದು. ಮೇಲ್ಭಾಗಕ್ಕೆ ಕ್ರೋಮ್ ಒಳ್ಳೆಯದು: ನೆನೆದು ಒಣಗಿದರೂ ಮೃದುವಾಗಿ ಉಳಿಯುತ್ತದೆ. ಕಾಲಿನ ಅಡಿಯಲ್ಲಿ ಬರುವ ಒಳಅಟ್ಟೆಗೆ ತೊಗಟೆಯ ಚರ್ಮವೇ ಮೇಲು: ಬೆವರು ಹೀರುತ್ತದೆ, ನಿಮ್ಮ ಪಾದದ ಅಚ್ಚಿಗೆ ತಾನೇ ಹೊಂದಿಕೊಳ್ಳುತ್ತದೆ. ಚರ್ಮವನ್ನು ಸೀಳಿ, ಗಟ್ಟಿಯಾದ ಮೇಲ್ಪದರವನ್ನು ಬೇರೆಡೆಗೆ ಮಾರಿ, ಸಡಿಲವಾದ ಕೆಳಪದರದ ಮೇಲೆ ಪ್ಲಾಸ್ಟಿಕ್ ಲೇಪಿಸಿ 'ಅಪ್ಪಟ ಚರ್ಮ' ಎಂದು ಮಾರುವುದೂ ಉಂಟು. ಮಡಿಸಿ ನೋಡಿ. ಮೇಲ್ಪದರವಾದರೆ ಸಣ್ಣ ಸಣ್ಣ ನೆರಿಗೆ ಬಿದ್ದು ರೋಮಕೂಪಗಳು ಕಾಣುತ್ತವೆ. ಲೇಪನವಾದರೆ ಮಡಿಕೆ ಪ್ಲಾಸ್ಟಿಕ್ ಹಾಳೆಯಂತೆ ನುಣುಪು.

ಶಾಲೆಯಲ್ಲಿ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಚಮ್ಮಾರರ ಬಳಿ ಉಳಿದ ತುಂಡುಗಳನ್ನು ಕೇಳಿ ತನ್ನಿ. ಅಂಚಿನ ಗುರುತು ಬರೆದುಕೊಂಡು ಒಂದು ಪಟ್ಟಿಯನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಹಾಕಿ. ಹಸಿ ತೊಗಲು ಸುಮಾರು 60-65 ಡಿಗ್ರಿ ಸೆಲ್ಸಿಯಸ್‌ಗೇ ಮುದುಡುತ್ತದೆ, ತೊಗಟೆಯ ಚರ್ಮ 70ರಿಂದ 85ರಲ್ಲಿ. ಚೆನ್ನಾಗಿ ಹದಗೊಂಡ ಕ್ರೋಮ್ ಚರ್ಮ ಕುದಿಯುವ ನೀರನ್ನೂ ತಡೆಯುತ್ತದೆ. ಎರಡನೆಯದು ಬುಕನನ್‌ನ ದಾಖಲೆಯಿಂದಲೇ ಬಂದದ್ದು. ಆಗ ಚರ್ಮಕ್ಕೆ ಕಪ್ಪು ಬಣ್ಣ ಹಾಕಲು ಹಳೆಯ ಕಬ್ಬಿಣ, ಕುಲುಮೆಯ ಕಿಟ್ಟ, ಬಾಳೆ ಮತ್ತು ನಿಂಬೆ ಸಿಪ್ಪೆಗಳನ್ನು ರಾಗಿ ಗಂಜಿಯಲ್ಲಿ ಎಂಟು ದಿನ ಹುಳಿಯಲು ಬಿಡುತ್ತಿದ್ದರು. ಹುಳಿಯ ಆಮ್ಲದಲ್ಲಿ ಕಬ್ಬಿಣ ಕರಗಿ, ಆ ನೀರು ಟ್ಯಾನಿನ್ ಜೊತೆ ಸೇರಿದೊಡನೆ ಶಾಯಿಯಂತೆ ಕಪ್ಪಾಗುತ್ತದೆ. ನೀವು ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ಒಂದು ವಾರ ಇಟ್ಟು, ಅದರ ಒಂದು ಹನಿಯನ್ನು ಚರ್ಮದ ಒಳಮೈಗೆ ಬಿಡಿ. ಕಪ್ಪಾದರೆ ತೊಗಟೆಯ ಹದ. ಆದರೆ ಚರ್ಮವನ್ನು ಸುಟ್ಟು ನೋಡುವ ಪರೀಕ್ಷೆ ಬೇಡ. ಕ್ರೋಮ್ ಚರ್ಮ ಸುಟ್ಟಾಗ ವಿಷಕಾರಿಯಾದ ಷಡ್ವೇಲೆನ್ಸಿ ಕ್ರೋಮಿಯಂ ಉಂಟಾಗಬಹುದು.

ತೂಕದ ವಿಷಯ. ಕಾಲಿಗೆ ಕಟ್ಟಿದ ಒಂದು ಕಿಲೋ, ಬೆನ್ನಿನ ಮೇಲಿನ ಸುಮಾರು ಐದು ಕಿಲೋಗೆ ಸಮ; ಪ್ರತಿ ಹೆಜ್ಜೆಗೂ ಅದನ್ನು ಎತ್ತಿ ಬೀಸಬೇಕಲ್ಲ. ಆದ್ದರಿಂದ ಕುಂತಿಬೆಟ್ಟದ ಒಣ ಬಂಡೆಗೆ ಆಲ್ಪ್ಸ್‌ನ ಭಾರದ ಬೂಟು ದಂಡ. ಕಣಕಾಲು ಮುಚ್ಚುವ, ಕಚ್ಚಿರುವ ರಬ್ಬರ್ ಅಟ್ಟೆಯ ಹಗುರ ಬೂಟು ಸಾಕು. ಕುಮಾರಪರ್ವತದ ಮಳೆ, ಇಂಬಳಗಳಿಗೆ ಮಾತ್ರ ನಾಲಗೆಯ ಭಾಗವನ್ನು ಎರಡೂ ಬದಿಗೆ ಹೊಲಿದು ಮುಚ್ಚಿರುವ ಬೂಟು ಬೇಕು.

ಸಂಜೆ ಹೊತ್ತು, ಪಾದ ತುಸು ಊದಿರುವಾಗ ಹಾಕಿ ನೋಡಿ ಕೊಳ್ಳಿ. ಬರಿಗಾಲಲ್ಲಿ ಬೆಳೆದವರ ಪಾದ ಬೆರಳುಗಳ ಕಡೆ ಅಗಲ. ಮಣಿಪಾಲದ ರಾವ್ ಮತ್ತು ಜೋಸೆಫ್ ಎಂಬ ವೈದ್ಯರು 2300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾದರಕ್ಷೆ ತೊಡುವ ಮಕ್ಕಳಲ್ಲಿ ಚಪ್ಪಟೆ ಪಾದ ನೂರಕ್ಕೆ 8.6ರಷ್ಟಿದ್ದರೆ ಬರಿಗಾಲ ಮಕ್ಕಳಲ್ಲಿ 2.8ರಷ್ಟಿತ್ತು. ಬೆರಳು ಹಿಸುಕುವ ಬೂಟು ಎಷ್ಟೇ ಬೆಲೆಯದಾದರೂ ಬೇಡ.

ಇನ್ನು ನನ್ನ ಬೂಟಿನ ಅಟ್ಟೆ. ಅದರ ನಡುಪದರ ಪಾಲಿಯುರಿಥೇನ್ ನೊರೆಯದು. ಗಾಳಿಯ ತೇವಾಂಶ ಅದರ ಅಣುಸರಪಳಿಗಳನ್ನು ಮೆಲ್ಲಗೆ ಕತ್ತರಿಸುತ್ತದೆ. ಇದಕ್ಕೆ ಜಲವಿಭಜನೆ ಎನ್ನುತ್ತಾರೆ. ನಡೆದರೂ ನಡೆಯದಿದ್ದರೂ ಅದು ಹಳತಾಗುತ್ತದೆ. ಮುಚ್ಚಿದ ಪೆಟ್ಟಿಗೆಯ ಸೆಕೆಯಲ್ಲಿ ಇನ್ನೂ ಬೇಗ. ಆ ಬೂಟನ್ನು ಎಸೆಯದೆ ಮಂಡ್ಯದ ರಸ್ತೆ ಬದಿಯ ಚಮ್ಮಾರರೊಬ್ಬರ ಬಳಿ ಒಯ್ದೆ. ಅವರು ಅಂಚನ್ನು ಉಗುರಿನಿಂದ ಕೆರೆದು "ಕ್ರೋಮು, ಚೆನ್ನಾಗೈತೆ" ಎಂದರು. ಒಳಅಟ್ಟೆಯನ್ನು ಎತ್ತಿ ಹರಿದು ತೋರಿಸಿದರು. ಅದು ರಟ್ಟು. ಅದನ್ನು ತೆಗೆದು ಕಂದು ಬಣ್ಣದ ಚರ್ಮದ ತುಂಡನ್ನು ಕತ್ತರಿಸಿ ಕೂರಿಸಿ, ಕಚ್ಚಿರುವ ರಬ್ಬರ್ ಅಟ್ಟೆಯನ್ನು ಸುತ್ತ ಹೊಲಿದುಕೊಟ್ಟರು. ಹೊಲಿಯುವಷ್ಟು ಹೊತ್ತೂ ಅವರ ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು. ಆ ಬೂಟು ಹಾಕಿಕೊಂಡು ಕುಂತಿಬೆಟ್ಟವನ್ನು ಆಮೇಲೆ ಮೂರು ಸಲ ಹತ್ತಿ ಬಂದಿದ್ದೇನೆ.